ಕೆಳಕೇರಿಯ ಕಂಡಿ

ಲಾಲ್ಲ ಕೆಲ್ತೂಮ್ ಉಯಿಲಿನಲ್ಲಿ ಕೆಳಕೇರಿಗೆ ಬಿಟ್ಟುಹೋದ ನೀರನ್ನು, ಆಕೆಯನ್ನು ಮಣ್ಣು ಮಾಡಿದ ನಾಲ್ಕನೆಯ ದಿನ, ಆಕೆಯ ತಮ್ಮನ ಮಗ ಮೌಲಾಯ್ ತುಹಾಮಿ ತನ್ನ ತೋಟಕ್ಕೆ ತಿರುಗಿಸಿಕೊಂಡ.

ಮಬ್ರೂಕ ಅದನ್ನು ಕಂಡದ್ದು ಬೆಳಗಿನ ನಮಾಜು ಮುಗಿದ ಮೇಲೆ. ಶೋಕದ ಮೂರು ದಿನ ತೀರಿದ್ದವು. ಕಂಡಿಗೆ ತಾನೇ ಮೆತ್ತಿದ್ದ ಮಣ್ಣನ್ನು ತೆಗೆಯಲು ಅವಳು ನೀರು ಹಂಚುವ ಬಾಚಣಿಗೆ ಕಲ್ಲಿನ ಹತ್ತಿರ ಒಬ್ಬಳೇ ಬಂದಿದ್ದಳು. ನೋಡಿದರೆ ಮಣ್ಣಿನ ಮೇಲೆ ಸುಣ್ಣದ ಗಾರೆ. ಪಕ್ಕದ ತುಹಾಮಿಯ ಕಂಡಿ ಮೊದಲಿಗಿಂತ ಅಗಲವಾಗಿತ್ತು. ಹೊಸದಾಗಿ ಕೊರೆದ ಕಲ್ಲಿನ ಬಿಳಿ ಪುಡಿ ಇನ್ನೂ ದಂಡೆಗೆ ಅಂಟಿಕೊಂಡಿತ್ತು. ನೀರಳೆಯುವ ಹಮ್ಮೂ ಅಲ್ಲೇ ಕೂತು ಉಳಿ ತೊಳೆಯುತ್ತಿದ್ದ.

"ಹಮ್ಮೂ, ಇದೇನು ಮಾಡಿದೀಯ?"

"ನನ್ನನ್ನ ಕೇಳಬೇಡ ತಾಯಿ. ಹೇಳಿದ್ರು, ಮಾಡ್ದೆ."

"ಇದು ಕೆಳಕೇರಿ ಕಂಡಿ. ನೀನೇ ಅಳೆದು ನೀನೇ ಕೊರೆದದ್ದು."

"ಕೊರೆಯೋಕೆ ಹೇಳಿದಾಗ ಕೊರೆದೆ. ಮುಚ್ಚೋಕೆ ಹೇಳಿದಾಗ ಮುಚ್ಚಿದೆ." ಹಮ್ಮೂ ತಲೆ ಎತ್ತಲಿಲ್ಲ. "ಮೊದ್ಲು ಮುಚ್ಚಿದ್ದು ನಾನಲ್ಲವಲ್ಲ ಮಬ್ರೂಕ. ನೀನೇ ತಾನೆ?"

ಅವನ ಮಾತು ಅವಳಿಗೆ ಆಗ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಅರ್ಥವಾಗಿತ್ತು.

ಆ ಊರಿನ ಜೀವವೆಲ್ಲ ಆ ಕಲ್ಲಿನಲ್ಲಿತ್ತು. ಮರಳುಗಾಡಿನ ಒಡಲಿಂದ ನೆಲದಡಿಯ ಸುರಂಗದಲ್ಲಿ ಹರಿದು ಬರುವ ನೀರು ಬೆಳಕು ಕಾಣುವ ಕಡೆ ಒಂದು ಚಪ್ಪಡಿ ಅಡ್ಡ ನಿಂತಿತ್ತು. ಅದರ ಮೇಲಂಚಿನಲ್ಲಿ ಬಾಚಣಿಗೆಯ ಹಲ್ಲುಗಳ ಹಾಗೆ ಕಂಡಿಗಳು. ಒಂದೊಂದು ಕಂಡಿ ಒಂದೊಂದು ಮನೆಯದು. ಒಂದೊಂದರಿಂದ ಒಂದೊಂದು ಕಾಲುವೆ. ಹೆಣ್ಣು ಕೊಡುವಾಗ ಮೇಲ್ಕೇರಿಯವರು ನೀರು ಕೊಡುತ್ತಿದ್ದರು, ಜಗಳವಾದಾಗ ದಂಡವಾಗಿ ನೀರು ಕೇಳುತ್ತಿದ್ದರು, ಸಾಯುವಾಗ ನೀರು ಹಂಚುತ್ತಿದ್ದರು. ಕಂಡಿ ಅಗಲವಿದ್ದವನ ತೋಟವೂ ಹಸಿರು, ಸಭೆಯಲ್ಲಿ ಅವನ ದನಿಯೂ ದಪ್ಪ.

ಕೆಳಕೇರಿಗೆ ಕಂಡಿಯೇ ಇರಲಿಲ್ಲ. ಸುರಂಗ ತೋಡಿದವರು ಕೆಳಕೇರಿಯ ಕಪ್ಪು ಜನ. ಕುಸಿದಾಗಲೆಲ್ಲ ಹಗ್ಗ ಕಟ್ಟಿಕೊಂಡು ಒಳಗಿಳಿದು ಹೂಳು ಹೊತ್ತವರು ಅವರು. ಮಬ್ರೂಕಳ ಅಜ್ಜ ಹಾಗೆ ಇಳಿದವನು ಮೇಲೆ ಬರಲಿಲ್ಲ. ನೀರು ನಿಲ್ಲಬಾರದೆಂದು ಪಕ್ಕದಲ್ಲಿ ಬೇರೆ ದಾರಿ ಕೊರೆಸಿದರು; ಅವನನ್ನು ತೆಗೆಸಲಿಲ್ಲ. ಅವನ ಮೊಮ್ಮಕ್ಕಳು ಮೇಲ್ಕೇರಿಯ ತೋಟಗಳಲ್ಲಿ ಐದನೇ ಪಾಲಿಗೆ ದುಡಿಯುತ್ತಿದ್ದರು: ನಾಲ್ಕು ಗೊನೆ ಖರ್ಜೂರ ಒಡೆಯನಿಗೆ, ಒಂದು ಗೊನೆ ಮರ ಹತ್ತಿದವನಿಗೆ. ಕುಡಿಯಲು, ಬೇಯಿಸಲು, ಹೆಣ ತೊಳೆಯಲು, ತೋಟಗಳನ್ನೆಲ್ಲ ಸುತ್ತಿ ಉಳಿದು ಕಾಲುವೆಯ ಬಾಲದಲ್ಲಿ ಜಿನುಗುವ ಕಂದು ನೀರು.

ಫ್ರೆಂಚರು ಹೋಗಿ ಎಂಟು ವರ್ಷವಾಗಿತ್ತು. ಈ ನಾಡಿನಲ್ಲಿ ಇನ್ನು ಒಡೆಯನೂ ಇಲ್ಲ ಆಳೂ ಇಲ್ಲ ಎಂದು ರೇಡಿಯೋ ದಿನಾ ಹೇಳುತ್ತಿತ್ತು. ರೇಡಿಯೋ ಇದ್ದದ್ದು ತುಹಾಮಿಯ ಮನೆಯಲ್ಲಿ.

ಊರೆಲ್ಲ ಲಾಲ್ಲ, ಅಂದರೆ ಒಡತಿ, ಎಂದು ಕರೆಯುತ್ತಿದ್ದ ಕೆಲ್ತೂಮ್ ಒಳ್ಳೆಯ ಹೆಂಗಸೇನಲ್ಲ. ಅವಳ ಮನೆಯಲ್ಲಿ ಹುಡುಗಿಯಾಗಿ ಕಾಲಿಟ್ಟ ಮಬ್ರೂಕಳ ತಲೆಗೂದಲು ಅಲ್ಲೇ ಬೆಳ್ಳಗಾಗಿತ್ತು. ರೊಟ್ಟಿ ಸೀದರೆ ಅದೇ ರೊಟ್ಟಿಯನ್ನು ಅವಳ ಮುಖಕ್ಕೆ ಎಸೆಯುತ್ತಿದ್ದಳು. ಮಬ್ರೂಕಳ ಗಂಡ ಸತ್ತ ದಿನವೂ ಸಂಜೆಗೆ ಕರೆಸಿಕೊಂಡು ಕಾಲು ಒತ್ತಿಸಿಕೊಂಡಿದ್ದಳು. ಮಕ್ಕಳಿಲ್ಲದ ಮನೆ, ಬೈಯಲಿಕ್ಕೂ ಬೇರೆ ಯಾರೂ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಸೊಂಟ ಬಿದ್ದು ಹಾಸಿಗೆ ಹಿಡಿದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಆಗ ಯಾವಾಗಲೋ ಒಂದು ದಿನ, ಗೋರಂಟಿ ಹಚ್ಚಿಸಿಕೊಳ್ಳುತ್ತ, ಕೆಲ್ತೂಮ್ ಕೇಳಿದಳು:

"ನಿಮ್ಮಜ್ಜನ ಹೆಸರೇನೆ?"

"ಯಾವ ಅಜ್ಜ, ಲಾಲ್ಲ?"

"ಅವನೇ. ಒಳಗೇ ಉಳಿದನಲ್ಲ."

"ಸಾಂಬ."

ಕೆಲ್ತೂಮ್ ಕೈ ಒಣಗುವ ತನಕ ಗೋಡೆ ನೋಡಿಕೊಂಡಿದ್ದಳು. ಅದಾದ ಕೆಲವು ದಿನಕ್ಕೆ ಇಮಾಮ್ ಸೀ ಬಶೀರನನ್ನೂ ಹಮ್ಮೂವನ್ನೂ ತುಹಾಮಿಯನ್ನೂ ಕರೆಸಿದಳು. ದಿಂಬಿಗೆ ಒರಗಿಸು ಎಂದು ಮಬ್ರೂಕಳಿಗೆ ಸನ್ನೆ ಮಾಡಿದಳು.

"ಮನೆ, ತೋಟ, ನೀರು ಎಲ್ಲಾ ಸೇರಿ ಮೂರರಲ್ಲಿ ಒಂದು ಪಾಲು ನನ್ನಿಷ್ಟ. ಹೌದೋ ಅಲ್ವೋ ಸೀ ಬಶೀರ್?"

"ಹೌದು ಲಾಲ್ಲ. ಮೂರರಲ್ಲೊಂದನ್ನ ಯಾರಿಗೆ ಬೇಕಾದ್ರೂ ಬಿಡಬಹುದು. ಮಿಕ್ಕಿದ್ದು ವಾರಸುದಾರರದ್ದು."

"ಹಾಗಾದ್ರೆ ಬರ್ಕೋ. ಮನೆ ತುಹಾಮಿಗೆ. ತೋಟ ತುಹಾಮಿಗೆ. ನನ್ನ ನೀರಲ್ಲಿ ಅರ್ಧ ತುಹಾಮಿಗೆ. ಇನ್ನರ್ಧ ಕೆಳಕೇರಿಗೆ. ಒಬ್ಬರ ಹೆಸರಿಗಲ್ಲ, ಕೇರಿಗೆ. ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ನೀರು ಇರೋ ತನಕ ಅವರದ್ದು."

ಸೀ ಬಶೀರ್ ಬರೆಯುವುದನ್ನು ನಿಲ್ಲಿಸಿ ತುಹಾಮಿಯ ಮುಖ ನೋಡಿದ. ತುಹಾಮಿ ನಗುತ್ತಲೇ ಬಂದು ಮುದುಕಿಯ ಹಣೆಗೆ ಮುತ್ತಿಟ್ಟ. "ಅತ್ತೆ, ನಿಮ್ಮ ಮಾತನ್ನ ತಲೆ ಮೇಲೆ ಹೊತ್ಕೋತೀನಿ."

"ಹೊತ್ಕೋ. ಭಾರ ಆದ್ರೆ ಇಳಿಸಿಬಿಡೋ ಜಾತಿ ನೀನು, ಗೊತ್ತಿದೆ."

ಅವರೆಲ್ಲ ಹೋದ ಮೇಲೆ ಮಬ್ರೂಕ ಮುದುಕಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕೆಲ್ತೂಮ್ ಕೈ ಕಿತ್ತುಕೊಂಡಳು.

"ಥೂ, ಬಿಡೆ. ಪುಣ್ಯಕ್ಕೆ ಕೊಟ್ಟೆ ಅಂದ್ಕೋಬೇಡ. ಎಲ್ಲಾ ಆ ತುಹಾಮಿಗೇ ಹೋದ್ರೆ ಗೋರಿಯಲ್ಲೂ ನನಗೆ ನಿದ್ದೆ ಬರಲ್ಲ, ಅದಕ್ಕೆ ಕೊಟ್ಟೆ."

ಮಬ್ರೂಕ ನಕ್ಕಳು. ಕೆಲ್ತೂಮಳೂ ನಕ್ಕಳು; ನಗುತ್ತ ಕೆಮ್ಮಿದಳು.

ಮರುದಿನವೇ ಕಂಡಿ ಕೊರೆಯಬೇಕೆಂದು ಹಟ ಹಿಡಿದಳು. "ನಾನು ಸತ್ತ ಮೇಲೆ ಕೊರೀತಾರೆ ಅಂತ ನಂಬ್ಕೊಂಡು ಸಾಯೋ ಅಷ್ಟು ದಡ್ಡಿ ಅಲ್ಲ." ಅವಳನ್ನು ಮಂಚದ ಸಮೇತ ಹೊತ್ತು ತಂದರು. ಅವಳ ಕಣ್ಣೆದುರೇ ಹಮ್ಮೂ ಅಳೆದ, ಕೊರೆದ. ಕೆಳಕೇರಿಯ ಗಂಡಸರು ಹೆಂಗಸರು ಸೇರಿ ಕೇರಿಯ ತನಕ ಕಾಲುವೆ ತೋಡಿದರು. ನೀರು ಕೇರಿಯ ಬಾಯಿಗೆ ಬಂದಾಗ ಖದ್ದೂಜ ಅಜ್ಜಿ ಸೀಳು ಸೀಳಾಗಿ ಬಿರಿದ ತನ್ನ ಎರಡೂ ಹಿಮ್ಮಡಿಗಳನ್ನು ಅದರೊಳಗಿಟ್ಟುಕೊಂಡು ಕೂತಳು.

"ಏಳಜ್ಜಿ, ಕುಡಿಯೋ ನೀರು ಅದು!" ಎಂದು ಯಾರೋ ಕೂಗಿದರು.

"ನೀನು ಕುಡಿ. ನನ್ನ ಕಾಲೂ ಕುಡೀಲಿ. ಎಂಬತ್ತು ವರ್ಷದಿಂದ ಬಾಯಾರ್ಕೊಂಡಿವೆ," ಎಂದಳು ಅಜ್ಜಿ. "ಇವತ್ತು ನನ್ನ ಕಾಲು ಲಾಲ್ಲ ಆಗಿವೆ. ಯಾರಾದ್ರೂ ಬಂದು ಒತ್ತಿ."

ಕೇರಿ ಅಷ್ಟು ನಕ್ಕದ್ದು ಮಬ್ರೂಕ ಕಂಡಿರಲಿಲ್ಲ. ಅವರು ಬಟಾಣಿ ಹಾಕಿದರು, ಪುದೀನ ನೆಟ್ಟರು, ಖರ್ಜೂರದ ಸಸಿಗಳಿಗೆ ಗುಂಡಿ ತೋಡಿದರು. ಮಬ್ರೂಕಳ ತಮ್ಮ ಬೂಜಮಾ ತುಹಾಮಿಯ ತೋಟದಲ್ಲಿ ಹಗಲೆಲ್ಲ ದುಡಿದು ಬಂದು, ಸಂಜೆ ತನ್ನ ಮನೆ ಹಿಂದಿನ ಅಂಗೈ ಅಗಲದ ಜಾಗದಲ್ಲಿ ಪಾತಿ ಕಟ್ಟುತ್ತಿದ್ದ. "ಅಕ್ಕ, ಇದರಲ್ಲಿ ಐದಕ್ಕೆ ಐದೂ ನನ್ನದು," ಎಂದು ಎಣಿಸಿ ತೋರಿಸುತ್ತಿದ್ದ.

ಸಸಿಗಳು ಬರುವ ಮೊದಲೇ ಕೆಲ್ತೂಮ್ ಸತ್ತಳು.

ಮಬ್ರೂಕಳೇ ಅವಳನ್ನು ತೊಳೆದಳು. ಬೆನ್ನು ಹುಣ್ಣಾಗಿತ್ತು, ಸತ್ತವಳಿಗೆ ನೋಯುತ್ತದೇನೋ ಎಂಬಂತೆ ಮೆಲ್ಲಗೆ ಸವರಿದಳು. ಹೆಣ ಗಂಡಸರ ಹೆಗಲೇರಿ ಹೋದ ಮೇಲೆ ಅವಳಿಗೆ ಕೈಗೆ ಕೆಲಸವಿಲ್ಲದಂತಾಯಿತು. ಮೇಲ್ಕೇರಿಯಲ್ಲಿ ನೀರಿನ ಒಡತಿ ಸತ್ತರೆ ಮನೆಯ ಹೆಂಗಸರು ಹೋಗಿ ಅವಳ ಕಂಡಿಗೆ ಮಣ್ಣು ಮೆತ್ತುತ್ತಿದ್ದರು. ಮೂರು ದಿನ ಆ ನೀರನ್ನು ಯಾರೂ ಮುಟ್ಟುವಂತಿಲ್ಲ. ನೀರೂ ಅಳಲಿ ಎಂದು. ತುಹಾಮಿಯ ಹೆಂಡತಿ ಹಾಗೆಯೇ ತಮ್ಮ ಪಾಲಿಗೆ ಬಂದ ಅರ್ಧದ ಕಂಡಿಗೆ ಮೆತ್ತಿ ಹೋಗಿದ್ದಳು. ಪಕ್ಕದಲ್ಲಿ ಕೆಳಕೇರಿಯ ಕಂಡಿ ಹರಿಯುತ್ತಲೇ ಇತ್ತು. ಮಬ್ರೂಕ ಅದನ್ನು ನೋಡುತ್ತ ನಿಂತಳು. ಈ ನೀರು ಕೊಟ್ಟವಳೇ ಸತ್ತಿದ್ದಾಳೆ, ಈ ನೀರು ಮಾತ್ರ ಏನೂ ಆಗದವರ ಹಾಗೆ ಗಳಗಳ ಅನ್ನುತ್ತಿದೆ. ಕೇರಿಯ ಹೆಂಗಸರನ್ನು ಕರೆದಳು. ಕಾಲುವೆಯ ತಳದಿಂದ ಎರಡೂ ಕೈ ತುಂಬ ಜೇಡಿಮಣ್ಣು ಬಗೆದು ಕಂಡಿಗೆ ಮೆತ್ತಿದಳು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಅಳುವಾಗಲೂ ಮಬ್ರೂಕಳ ಒಳಗೆ ಎಲ್ಲೋ ಒಂದು ಹೆಮ್ಮೆಯಿತ್ತು, ಸುಳ್ಳು ಹೇಳಬಾರದು: ಸತ್ತವರಿಗಾಗಿ ಮುಚ್ಚಲು ತಮಗೂ ಒಂದು ಕಂಡಿ ಇದೆ.

ದಾರಿಯಲ್ಲಿ ನಿಂತಿದ್ದ ಮೇಲ್ಕೇರಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. "ನೋಡ್ರೇ, ಆಳುಗಳೂ ಕಂಡಿ ಮುಚ್ಚೋ ಕಾಲ ಬಂತು," ಎಂದಳು ಒಬ್ಬಳು. ಅದು ನಗುವಾಗಿ ಅಲ್ಲಿಗೇ ಮುಗಿಯಿತೆಂದು ಮಬ್ರೂಕ ಅಂದುಕೊಂಡಳು.

ಮುಗಿದಿರಲಿಲ್ಲ. ಅದೇ ಈಗ ಮಸೀದಿಯ ಮುಂದಿನ ಕಟ್ಟೆಯ ಮೇಲೆ ನ್ಯಾಯವಾಗಿ ಕೂತಿತ್ತು. ಗಾರೆ ಕಂಡ ದಿನವೇ ಮಧ್ಯಾಹ್ನ ಸಭೆ ಸೇರಿದಾಗ ಸೀ ಬಶೀರ್ ಮಾತಾಡಿದ. ಅವನದು ಸಣ್ಣ ದನಿ, ಕಿವಿಗೆ ಹಿತವಾದ ದನಿ.

"ಉಯಿಲು ಬಿಟ್ಟವರು ಬಿಟ್ಟರೆ ಸಾಲದು. ಅವರು ಕಣ್ಣು ಮುಚ್ಚಿದ ಮೇಲೆ ಪಡೆಯೋರು ಒಪ್ಪಬೇಕು. ಒಲ್ಲೆ ಅಂದ್ರೆ ಅದು ವಾರಸುದಾರರಿಗೆ ವಾಪಸ್. ಕೆಳಕೇರಿಯವರು ಕೈಯಾರೆ ಕಂಡಿ ಮುಚ್ಚಿದಾರೆ. ಬಾಯಲ್ಲಿ ಹೇಳೋದಕ್ಕಿಂತ ಅದು ದೊಡ್ಡ ಮಾತು."

ಹೆಂಗಸರಿಗೆ ಕಟ್ಟೆ ಹತ್ತುವ ಹಾಗಿರಲಿಲ್ಲ. ಮಬ್ರೂಕ ಗೋಡೆಯ ಮೂಲೆಯಿಂದಲೇ ಕೂಗಿದಳು: "ಸೀ ಬಶೀರ್, ಅವಳು ಬದುಕಿರೋವಾಗಲೇ ನೀರು ಹರೀತು. ನಾವು ಕುಡಿದ್ವಿ, ಪಾತಿಗೆ ಬಿಟ್ವಿ. ಅದು ಒಪ್ಪಿದ್ದಲ್ವ?"

"ಆಗ ಹರಿದದ್ದು ಅವಳ ನೀರು, ತಾಯಿ. ಉಯಿಲು ಶುರುವಾಗೋದು ಉಸಿರು ನಿಂತ ಮೇಲೆ."

"ಉಸಿರು ನಿಂತ ಮೇಲೆ ಮುಚ್ಚಿದ್ದು ಶೋಕಕ್ಕೆ. ನಿಮ್ಮವರೂ ಮುಚ್ಚಿದ್ರಲ್ಲ, ತುಹಾಮಿ ಸೀದಿಯವರ ಹೆಂಡ್ತಿ? ಅವರೂ ನೀರು ಬೇಡ ಅಂದ್ರ ಹಾಗಾದ್ರೆ?"

ಕಟ್ಟೆಯ ಮೇಲೆ ಒಂದಿಬ್ಬರು ನಕ್ಕರು. ಸೀ ಬಶೀರ್ ಗಡ್ಡ ನೀವಿಕೊಂಡ. ಉತ್ತರ ಕೊಟ್ಟವನು ತುಹಾಮಿ. ಅವನು ಯಾವತ್ತೂ ರೇಗುವವನಲ್ಲ.

"ನಮ್ಮದು ಪದ್ಧತಿ, ಮಬ್ರೂಕ. ತಲೆತಲಾಂತರದಿಂದ ಬಂದದ್ದು. ನಿಮ್ಮಲ್ಲಿ ಆ ಪದ್ಧತಿ ಯಾವಾಗ ಇತ್ತು?"

ನೀರೇ ಇಲ್ಲದವರಿಗೆ ನೀರಿನ ಪದ್ಧತಿ ಎಲ್ಲಿಂದ ಬರಬೇಕು? ಆ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದ ಕೆಳಕೇರಿಯ ಗಂಡಸರು ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ಕೆರೆಯುತ್ತಿದ್ದರು.

ಸಭೆಯ ತೀರ್ಮಾನ ಊರಿಗೆ ಸಾಕು, ಸರ್ಕಾರಕ್ಕೆ ಸಾಲದು. ಉಯಿಲಿನ ಒಂದು ಪ್ರತಿ ಪಟ್ಟಣದ ಕಚೇರಿಯಲ್ಲಿತ್ತು. ಅದನ್ನು ಹೊಡೆದುಹಾಕಬೇಕಾದರೆ ಗುಮಾಸ್ತ ಬಂದು ಕೇರಿಯವರ ಹೇಳಿಕೆ ಬರೆದುಕೊಳ್ಳಬೇಕು; ಮುಖ್ಯವಾಗಿ ಮಣ್ಣು ಮೆತ್ತಿದವಳ ಹೇಳಿಕೆ.

ಗುಮಾಸ್ತ ಬರುವ ಹಿಂದಿನ ದಿನ ಬೂಜಮಾ ಅಕ್ಕನ ಮನೆಗೆ ಬಂದ. ನಾರಿನ ಹಗ್ಗ ಹೆಗಲಲ್ಲೇ ಇತ್ತು. ಗೊನೆಗಳು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿದ್ದವು. ಇನ್ನು ವಾರದೊಳಗೆ ಕೊಯ್ಲು. ಮಬ್ರೂಕ ಚಹಾ ಕೊಟ್ಟಳು. ಅವನು ಲೋಟ ಹಿಡಿದುಕೊಂಡು ಕುಡಿಯದೆ ಕೂತ.

"ಎಲ್ಲಾ ಒತ್ತಿದ್ರು, ಅಕ್ಕ."

"ಏನು ಒತ್ತಿದ್ರು?"

"ಹೆಬ್ಬೆಟ್ಟು. ನಮ್ಮ ಕೇರಿ ಗಂಡಸರು ಎಲ್ಲಾ. ನಾನೂ."

ಮಬ್ರೂಕ ಕೆಂಡ ಕೆದಕಿದಳು. "ಪಾತಿ ಒಣಗೋಯ್ತೇನೋ?"

"ಯಾವತ್ತೋ." ಅವನು ಲೋಟ ಕೆಳಗಿಟ್ಟ. "ನೀನು ಒತ್ತದೇ ಇದ್ರೆ ನನ್ನನ್ನ ತೋಟದಿಂದ ತೆಗೀತಾರಂತೆ. ಕೊಯ್ಲಿಗೆ ಮುಂಚೆ. ವರ್ಷ ಪೂರ್ತಿ ದುಡಿದಿದೀನಿ ಅಕ್ಕ. ಹೂವಿಗೆ ಪರಾಗ ಕಟ್ಟಿದ್ದು ನಾನು, ಗೊನೆ ಬಗ್ಗಿಸಿ ಕಟ್ಟಿದ್ದು ನಾನು. ಆ ಒಂದು ಪಾಲೂ ಹೋದ್ರೆ ಚಳಿಗಾಲಕ್ಕೆ ಮಕ್ಕಳ ಬಾಯಿಗೆ ಏನು ಹಾಕ್ಲಿ?"

"ಹಾಗಂತ ಅವನೇ ಹೇಳಿದ್ನ?"

"ನಗ್ತಾ ಹೇಳಿದ. ಅವನು ನಗ್ತಾ ಹೇಳಿದ್ರೆ ನಿಂಗೊತ್ತಲ್ಲ."

"ನೀರು, ಬೂಜಮಾ. ಅಜ್ಜ ಇನ್ನೂ ಅದರೊಳಗೇ ಇದಾನೆ."

"ನಮಗೆ ಮೊದ್ಲೂ ನೀರಿರಲಿಲ್ಲ," ಎಂದ ಬೂಜಮಾ. "ಇಲ್ಲದ್ದನ್ನ ಕಳ್ಕೊಂಡ್ರೆ ಏನು ಕಳ್ಕೊಂಡ ಹಾಗೆ? ಆ ಮುದುಕಿ ಬದುಕಿದ್ದಾಗ ನಿನ್ನ ಮುಖಕ್ಕೆ ರೊಟ್ಟಿ ಎಸೆದ್ಲು. ಸತ್ತು ನಮ್ಮೆಲ್ಲರ ಮುಖಕ್ಕೆ ನೀರು ಎಸೆದು ಹೋದ್ಲು. ಈಗ ಅದೂ ಆರಿತು. ಒತ್ತಿಬಿಡು ಅಕ್ಕ. ಕಾಲಿಗೆ ಬೀಳ್ತೀನಿ."

ಅವನು ನಿಜವಾಗಿಯೂ ಬಗ್ಗಿದ. ಮಬ್ರೂಕ ಅವನ ಭುಜ ಹಿಡಿದು ಎತ್ತಿದಳು. ಬೆತ್ತದ ಹಾಗಿದ್ದ ಹುಡುಗ. ಆ ಭುಜದ ಮೂಳೆ ಅವಳ ಅಂಗೈಗೆ ಚುಚ್ಚಿತು. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಕೆಲ್ತೂಮಳ ಅಂಗಳ ಗುಡಿಸಿದವಳು ಅವಳು.

"ಆಯ್ತು, ಹೋಗು," ಎಂದಳು. "ಒತ್ತುತೀನಿ. ಚಹಾ ಕುಡಿದು ಹೋಗು."

ಅವನು ಹೋದ ಮೇಲೆ ಖದ್ದೂಜ ಅಜ್ಜಿ ಬಾಗಿಲಿಗೆ ಬಂದು ನಿಂತಳು. ಕೇಳಿಸಿಕೊಂಡಿದ್ದಳು, ಕೇರಿಯಲ್ಲಿ ಕೇಳಿಸದ ಮಾತು ಯಾವುದಿದೆ? ಬೈಯುತ್ತಾಳೆಂದು ಮಬ್ರೂಕ ಕಾದಳು. ಅಜ್ಜಿ ಬೈಯಲಿಲ್ಲ.

"ಒತ್ತು ಮಗಳೇ," ಎಂದಳು. "ನಾನಾಗಿದ್ರೂ ಒತ್ತುತಿದ್ದೆ. ನನ್ನ ಕಾಲು ತಣ್ಣಗಾಗಿದ್ದು ನಿಜ, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ."

ಮರುದಿನ ಗುಮಾಸ್ತ ಬಾಚಣಿಗೆ ಕಲ್ಲಿನ ಹತ್ತಿರವೇ ಚಾಪೆ ಹಾಸಿಸಿಕೊಂಡು ಕೂತ. ಪಟ್ಟಣದವನು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಬೇಗ ಮುಗಿಸಿ ಲಾರಿ ಹತ್ತುವ ಅವಸರ. ಅವನ ಎಡಕ್ಕೆ ಸೀ ಬಶೀರ್, ಬಲಕ್ಕೆ ತುಹಾಮಿ. ಹಮ್ಮೂ ದೂರ ನಿಂತಿದ್ದ. ಕೆಳಕೇರಿಯವರೆಲ್ಲ ದಿಬ್ಬದ ಮೇಲೆ. ಬೂಜಮಾ ಅವರ ಮುಂದೆ, ಹೆಗಲಲ್ಲಿ ಹಗ್ಗ. ತುಹಾಮಿಯ ಅಗಲವಾದ ಕಂಡಿಯಲ್ಲಿ ನೀರು ತುಂಬಿ ಹೋಗುತ್ತಿತ್ತು.

"ಹೆಸರು?"

"ಮಬ್ರೂಕ."

"ಯಾರ ಮಗಳು?"

"ಸಾಲಮನ ಮಗಳು. ಸಾಂಬನ ಮೊಮ್ಮಗಳು."

"ಮೊಮ್ಮಗಳು ಬೇಡ. ಅಷ್ಟು ಜಾಗ ಇಲ್ಲ," ಎಂದ ಗುಮಾಸ್ತ. ಬರೆದು ಮುಗಿಸಿ ಮಸಿಯ ಡಬ್ಬಿ ಮುಂದೆ ತಳ್ಳಿದ. "ಒತ್ತು."

ಮಬ್ರೂಕ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿದಳು. ಆಮೇಲೆ ಏನೆನ್ನಿಸಿತೋ, "ಏನು ಬರೆದಿದೀರಿ, ಓದಿ ಹೇಳಿ," ಎಂದಳು.

"ನಿಮ್ಮವರೆಲ್ಲ ಓದಿಸದೇ ಒತ್ತಿದಾರೆ."

"ಅವರು ಮಣ್ಣು ಮೆತ್ತಿದವರಲ್ಲ."

ಗುಮಾಸ್ತ ತುಹಾಮಿಯ ಕಡೆ ನೋಡಿದ. ಓದಲಿ ಬಿಡಿ ಎಂಬಂತೆ ತುಹಾಮಿ ಕೈ ಆಡಿಸಿದ. ಗುಮಾಸ್ತ ಕಾಗದ ಎತ್ತಿ, ಸಂತೆಯಲ್ಲಿ ದರ ಕೂಗುವವನ ಹಾಗೆ ಓದಿದ: "ಕಂಡಿಗೆ ಮಣ್ಣು ಮೆತ್ತಿದ್ದು ನಾನೇ. ಮೆತ್ತಿದ್ದು ಶೋಕಕ್ಕಾಗಿ ಅಲ್ಲ. ಸತ್ತವರಿಗಾಗಿ ಕಂಡಿ ಮುಚ್ಚಿ ಶೋಕ ಮಾಡುವ ಪದ್ಧತಿ ಕೆಳಕೇರಿಯವರಿಗೆ ಇಲ್ಲ. ಉಯಿಲಿನ ಪಾಲು ನಮಗೆ ಬೇಡವೆಂದು ಮನಸಾರೆ ಮುಚ್ಚಿದ್ದು."

ಗುಮಾಸ್ತ ಮತ್ತೆ ಕೆಳಗಿಟ್ಟ ಕಾಗದದ ಮೇಲೆ ಮಬ್ರೂಕಳ ಕೈ ಹಾಗೇ ನಿಂತಿತು.

"ಶೋಕಕ್ಕಾಗಿ ಅಲ್ಲ ಅಂತ ಇದೆಯಾ?"

"ಇದೆ."

"ಅದನ್ನ ತೆಗೀರಿ. ನೀರು ವಾಪಸ್ ಕೊಟ್ವಿ ಅಂತಷ್ಟೇ ಬರೀರಿ. ಅದಕ್ಕೆ ಒತ್ತುತೀನಿ."

ಸೀ ಬಶೀರ್ ಗಂಟಲು ಸರಿಮಾಡಿಕೊಂಡ. "ಅದು ತೆಗೆದ್ರೆ ಇದು ನಿಲ್ಲಲ್ಲ ತಾಯಿ. ಶೋಕಕ್ಕೆ ಮುಚ್ಚಿದ್ರೆ ಅದು ಒಡೆತನದ ಲಕ್ಷಣ. ಶೋಕ ಅಲ್ಲ ಅಂದ್ರೇನೇ ಅದು ನಿರಾಕರಣೆ."

"ನಾನು ಅವಳನ್ನ ತೊಳೆದೆ," ಎಂದಳು ಮಬ್ರೂಕ. ದನಿ ಏರಿರಲಿಲ್ಲ. "ಅವಳ ಬೆನ್ನಿನ ಹುಣ್ಣು ನಿಮ್ಮಲ್ಲಿ ಯಾರು ನೋಡಿದೀರಿ? ಕೊನೇಲಿ ಯಾರನ್ನ ಕೂಗಿದ್ಲು ಅಂತ ಯಾರಿಗಾದ್ರೂ ಗೊತ್ತಾ? ನನಗೆ ಆ ಮುದುಕಿ ಒಂದು ದಿನ ಒಳ್ಳೇ ಮಾತು ಆಡಿದವಳಲ್ಲ. ಆದ್ರೂ ಅವಳಿಗಾಗಿ ಅತ್ತೆ. ನನ್ನ ಗಂಡ ಸತ್ತಾಗ ಅಳೋಕೆ ಬಿಡುವಿರಲಿಲ್ಲ, ಅವತ್ತಿನದೂ ಸೇರಿಸಿ ಅತ್ತೆ. ನೀರು ತಗೊಂಡಿದೀರಿ, ಇಟ್ಕೊಳ್ಳಿ. ನಾನು ಅತ್ತಿದ್ದು ಸುಳ್ಳು ಅಂತ ನನ್ನ ಕೈಲೇ ಬರೆಸ್ಕೊಳ್ತೀರಾ?"

"ಅಕ್ಕ!" ಎಂದ ಬೂಜಮಾ ದಿಬ್ಬದಿಂದ.

ತುಹಾಮಿ ಎದ್ದು ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳಿಗೊಬ್ಬಳಿಗೇ ಕೇಳುವಂತೆ, ನಗುತ್ತಲೇ ಹೇಳಿದ: "ಮಬ್ರೂಕ, ನಿನ್ನ ತಮ್ಮ ನೋಡು ಅಲ್ಲಿ. ಹಗ್ಗ ತಂದಿದಾನೆ. ಇನ್ನೇನು ಮರ ಹತ್ತಬೇಕು. ಅವನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ? ಒಂದು ಬೆರಳು. ಒತ್ತು, ಮನೆಗೆ ಹೋಗು."

ಮಬ್ರೂಕ ತಮ್ಮನ ಕಡೆ ನೋಡಿದಳು. ಅವನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವಳಿಗೆ ಚಳಿಗಾಲ ಕಂಡಿತು, ಅವನ ಮಕ್ಕಳು ಕಂಡರು, ಖಾಲಿ ಮಡಕೆ ಕಂಡಿತು. ಅವನು ಇನ್ನು ತನ್ನ ಜೊತೆ ಮಾತಾಡುವುದಿಲ್ಲ ಎಂಬುದೂ ಗೊತ್ತಾಯಿತು.

"ಲಾರಿ ಹೊರಡುತ್ತೆ," ಎಂದ ಗುಮಾಸ್ತ. "ಒತ್ತು ಬೇಗ."

ಮಬ್ರೂಕ ಮಸಿ ಹತ್ತಿದ ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿದಳು.

"ಒತ್ತಲ್ಲ," ಎಂದಳು.